ಅಡ್ವಾನ್ಸ್ ಕೊಟ್ಟಾಯ್ತು, ರಿಜಿಸ್ಟ್ರೇಷನ್ ಮಾತ್ರ ಆಗ್ತಿಲ್ಲ: ಕಾಯುವ ತಿಂಗಳುಗಳಲ್ಲಿ ಏನು ಮಾಡಬೇಕು?

ಮನೆ ಹಿಡಿಸಿತು, ರೇಟು ಕುದುರಿತು, ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟೂ ಆಯಿತು. ‘ಒಂದೂವರೆ ತಿಂಗಳಲ್ಲಿ ರಿಜಿಸ್ಟ್ರೇಷನ್ ಮುಗಿಸಿಬಿಡೋಣ ಸಾರ್’ ಅಂದಿದ್ದ ಬ್ರೋಕರ್ ಈಗ ಫೋನ್ ಎತ್ತುವುದೇ ಅಪರೂಪ. ಎತ್ತಿದರೂ ಒಂದೇ ಉತ್ತರ: ‘ಆಗ್ತಿದೆ ಸಾರ್, ಮುಂದಿನ ವಾರ ಪಕ್ಕಾ.’ ಇತ್ತ ಬಾಡಿಗೆ ಮನೆ ಓನರ್‌ಗೆ ಖಾಲಿ ಮಾಡ್ತೀವಿ ಅಂತ ಹೇಳಿಯಾಗಿದೆ. ಬ್ಯಾಂಕಿನವರು ‘ಸ್ಯಾಂಕ್ಷನ್ ಅವಧಿ ಮುಗೀತಾ ಬಂತು’ ಅಂತ ಮೆಸೇಜ್ ಹಾಕುತ್ತಿದ್ದಾರೆ. ಊರಿನಿಂದ ಅತ್ತೆ ಫೋನ್ ಮಾಡಿ ಗೃಹಪ್ರವೇಶ ಯಾವಾಗ ಅಂತ ಕೇಳುತ್ತಾರೆ.

ಅಗ್ರಿಮೆಂಟ್ ಆದಮೇಲೆ ಕ್ರಯಪತ್ರ ಕೈಗೆ ಬರುವ ತನಕದ ಈ ಕಾಲವನ್ನು ದಾಟುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ಬೆಂಗಳೂರಿನಲ್ಲಿ ಒಬ್ಬರಿಂದ ಹಳೇ ಫ್ಲ್ಯಾಟ್ ಅಥವಾ ಮನೆ ಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೈಸೂರು, ಹುಬ್ಬಳ್ಳಿ, ದಾವಣಗೆರೆಯಲ್ಲೂ ದಾರಿ ಹೆಚ್ಚುಕಮ್ಮಿ ಇದೇ. ಬಿಲ್ಡರ್ ಹತ್ತಿರ ಹೊಸ ಫ್ಲ್ಯಾಟ್ ಬುಕ್ ಮಾಡಿದವರ ಕಥೆ ಬೇರೆ, ಅದಕ್ಕೆ ಕೊನೆಯ ಕಡೆ ಜಾಗ ಕೊಟ್ಟಿದ್ದೇನೆ.

ಮೊದಲು: ಯಾವ ಕಾಗದ, ಯಾರ ಹತ್ತಿರ?

ಮನೆ ವ್ಯವಹಾರ ಸುಮ್ನೆ ತಡವಾಗುವುದಿಲ್ಲ. ಯಾವುದೋ ಒಂದು ಕಾಗದ ಯಾರೋ ಒಬ್ಬರ ಹತ್ತಿರ ನಿಂತಿರುತ್ತದೆ. ಅದು ಯಾವುದು ಅಂತ ಗೊತ್ತಾಗುವ ತನಕ ನೀವು ಎಷ್ಟು ಫೋನ್ ಮಾಡಿದರೂ ‘ಪ್ರೋಸೆಸ್‌ನಲ್ಲಿದೆ’ ಅನ್ನುವ ಉತ್ತರ ಬಿಟ್ಟು ಇನ್ನೇನೂ ಸಿಗುವುದಿಲ್ಲ.

ಹಾಗಾಗಿ ‘ಯಾವಾಗ ಆಗುತ್ತೆ?’ ಅಂತ ಕೇಳುವುದನ್ನು ಬಿಡಿ. ‘ಇ-ಖಾತಾ ಅರ್ಜಿ ಹಾಕಿದ್ದೀರಾ? ಅರ್ಜಿ ನಂಬರ್ ಕೊಡಿ’ ಅಂತ ಕೇಳಿ. (ಇ-ಖಾತಾ ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಪಾಲಿಕೆಯ ಆನ್‌ಲೈನ್ ದಾಖಲೆ.) ‘ನಿಮ್ಮ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಲೆಟರ್ ಬಂತಾ? ಅದರಲ್ಲಿ ಯಾವ ತಾರೀಖಿದೆ?’ ಅಂತ ಕೇಳಿ. (ಅದು ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅಂತ ಬ್ಯಾಂಕ್ ಕೊಡುವ ಪತ್ರ.) ನಂಬರ್ ಮತ್ತು ತಾರೀಖು ಇಲ್ಲದ ಉತ್ತರ ಬಂದರೆ ಕೆಲಸ ಇನ್ನೂ ಶುರುವಾಗಿಲ್ಲ ಅಂತಲೇ ತಿಳಿದುಕೊಳ್ಳಿ. ನೂರಕ್ಕೆ ನೂರು ಅಲ್ಲದಿದ್ದರೂ ಬಹುತೇಕ ಸಲ ಅದು ನಿಜ.

ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇ-ಖಾತಾ, ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ), ಮೂಲ ಪತ್ರಗಳು, ಮಾರುವವರ ಸಾಲದ ಲೆಕ್ಕ, ನಿಮ್ಮ ಬ್ಯಾಂಕಿನ ಲೀಗಲ್ ಒಪೀನಿಯನ್, ಸಹಿ ಹಾಕಬೇಕಾದವರ ಹೆಸರು. ಒಂದೊಂದರ ಮುಂದೆ ಯಾರು ತರಬೇಕು ಅನ್ನುವುದನ್ನೂ ಬರೆಯಿರಿ. ಆಮೇಲೆ ಮಾರುವವರು, ಬ್ರೋಕರ್, ನೀವು ಮೂವರೂ ಇರುವ ಒಂದು ವಾಟ್ಸಾಪ್ ಗ್ರೂಪ್ ಮಾಡಿ ಅಲ್ಲೇ ಕೇಳಿ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಗ್ರೂಪಿನಲ್ಲಿ ಬರೆದದ್ದು ಮುಂದೆ ವಕೀಲರಿಗೂ ಉಪಯೋಗಕ್ಕೆ ಬರುತ್ತದೆ.

ಅಗ್ರಿಮೆಂಟ್ ಮತ್ತೆ ತೆಗೆದು ಓದಿ

ಹೆಚ್ಚಿನವರು ಅಗ್ರಿಮೆಂಟಿನಲ್ಲಿ ಮೊತ್ತ ಮತ್ತು ಹೆಸರು ನೋಡಿ ಸಹಿ ಹಾಕಿರುತ್ತಾರೆ. ಈಗ ಅವಧಿಯ ಕಲಮು ನೋಡಿ. ‘45 ದಿನ’ ಅಂತ ಇದ್ದರೆ ಆ ದಿನಗಳು ಎಲ್ಲಿಂದ ಶುರು? ಸಹಿ ಹಾಕಿದ ದಿನದಿಂದ ಅಂತಿದ್ದರೆ ನಿಮಗೆ ಕಷ್ಟ. ಮಾರುವವರು ಕಾಗದ ಕೊಡುವುದನ್ನು ತಡ ಮಾಡಿ, 45 ದಿನ ಕಳೆದ ಮೇಲೆ ‘ನೀವೇ ಹಣ ತರಲಿಲ್ಲ’ ಅನ್ನಬಹುದು. ಇ-ಖಾತಾ ಮತ್ತು ಎಲ್ಲ ದಾಖಲೆ ಕೈಗೆ ಬಂದ ದಿನದಿಂದ ಲೆಕ್ಕ ಅಂತ ಇರಬೇಕು. ಇನ್ನೂ ಸಹಿ ಹಾಕಿಲ್ಲದವರು ಈ ಒಂದು ಸಾಲಿಗೆ ಹಟ ಹಿಡಿಯಿರಿ. ರೇಟಿನಲ್ಲಿ ಐವತ್ತು ಸಾವಿರ ಕಡಿಮೆ ಮಾಡಿಸುವುದಕ್ಕಿಂತ ಇದು ಜಾಸ್ತಿ ಬೆಲೆಯದ್ದು.

ಸಹಿ ಆಗಿಹೋಗಿದ್ದರೆ, ಅವಧಿ ಮುಗಿಯುವ ಮೊದಲೇ ಸಪ್ಲಿಮೆಂಟರಿ ಅಗ್ರಿಮೆಂಟ್ ಮಾಡಿಸಿ. ‘ಇಂಥ ಕಾರಣಕ್ಕೆ ಇಷ್ಟು ದಿನ ಮುಂದೂಡಿದ್ದೇವೆ’ ಅಂತ ಇಬ್ಬರೂ ಸಹಿ ಹಾಕಿದರೆ ಸಾಕು, ಒಂದೆರಡು ಪುಟದ ಕೆಲಸ. ‘ನಮ್ಮ ನಿಮ್ಮಲ್ಲಿ ಅದೆಲ್ಲ ಯಾಕೆ ಸಾರ್’ ಅನ್ನುವವರ ಹತ್ತಿರವಂತೂ ಖಂಡಿತ ಮಾಡಿಸಬೇಕು.

ಇನ್ನೂ ಮೂರು ವಿಷಯ ಅಗ್ರಿಮೆಂಟಿನಲ್ಲಿ ಇದೆಯಾ ನೋಡಿ. ಪತ್ರಗಳಲ್ಲಿ ದೋಷ ಕಂಡು ಬ್ಯಾಂಕ್ ಸಾಲ ನಿರಾಕರಿಸಿದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್? ಬಾಡಿಗೆದಾರರಿದ್ದರೆ ಖಾಲಿ ಮಾಡಿಸುವುದು ಯಾರ ಜವಾಬ್ದಾರಿ? ತಡವಾದದ್ದರಿಂದ ಸರ್ಕಾರಿ ಶುಲ್ಕ ಏರಿದರೆ ಯಾರು ಕೊಡಬೇಕು? ಕೊನೆಯದು ಸುಮ್ನೆ ಹೇಳಿದ್ದಲ್ಲ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ 1 ಪರ್ಸೆಂಟ್‌ನಿಂದ 2 ಪರ್ಸೆಂಟ್‌ಗೆ ಏರಿತು. 80 ಲಕ್ಷದ ಫ್ಲ್ಯಾಟ್‌ನ ನೋಂದಣಿ ಆ ತಾರೀಖು ದಾಟಿದ್ದಕ್ಕೆ 80 ಸಾವಿರ ಜಾಸ್ತಿ ಬಿತ್ತು.

ಅಗ್ರಿಮೆಂಟನ್ನೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಅದು ಇಸಿಯಲ್ಲಿ ಕಾಣುತ್ತದೆ. ಆಗ ಮಾರುವವರು ಇನ್ನೊಬ್ಬರಿಗೆ ಸದ್ದಿಲ್ಲದೆ ಮಾರುವುದು ಕಷ್ಟ. ಸ್ವಲ್ಪ ಖರ್ಚಾಗುತ್ತದೆ. ತಿಂಗಳುಗಟ್ಟಲೆ ಕಾಯಬೇಕಾಗಬಹುದು ಅನ್ನುವ ವ್ಯವಹಾರದಲ್ಲಿ ಆ ಖರ್ಚು ದಂಡ ಅಲ್ಲ.

ಇ-ಖಾತಾ: ಅರ್ಧ ತಡ ಇಲ್ಲೇ

2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ಮನೆ ನೋಂದಣಿ ಆಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ಆದರೂ ಇ-ಖಾತಾದ ನಿಯಮ ಹಾಗೇ ಇದೆ. ಪಂಚಾಯಿತಿ ಜಾಗವಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ವ್ಯವಸ್ಥೆ) ಫಾರಂ 9 ಮತ್ತು 11 ಬೇಕು.

ಈ ಅರ್ಜಿಯನ್ನು ಹಾಕಬೇಕಾದವರು ಈಗಿನ ಮಾಲೀಕರು. ಆಧಾರ್ ಓಟಿಪಿ ಹೋಗುವುದು ಅವರ ಫೋನಿಗೆ. ನಿಮಗೆಷ್ಟೇ ಅರ್ಜೆಂಟ್ ಇದ್ದರೂ ಅವರು ಕೂರದಿದ್ದರೆ ಕೆಲಸ ಕದಲುವುದಿಲ್ಲ. ಬೇಕಾಗುವುದು ಇವು: ಕ್ರಯಪತ್ರ, ಇಸಿ, ತೆರಿಗೆ ಕಟ್ಟಿದ ವಿವರ, ಕರೆಂಟ್ ಸಂಪರ್ಕದ ನಂಬರ್, ಮನೆಯ ಫೋಟೋ, ಮಾಲೀಕರ ಆಧಾರ್.

ಪಟ್ಟಿ ಚಿಕ್ಕದೇ. ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಹಳೇ ಕ್ರಯಪತ್ರದಲ್ಲಿ ‘ನಾಗರಾಜು’, ಖಾತೆಯಲ್ಲಿ ‘ಎಂ. ನಾಗರಾಜ’, ಆಧಾರ್‌ನಲ್ಲಿ ‘ನಾಗರಾಜ ಮುನಿಯಪ್ಪ’. ಮೂವರೂ ಒಬ್ಬರೇ ಅನ್ನುವುದು ಇಡೀ ಬೀದಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆಗ ಅಫಿಡವಿಟ್ ಬೇಕು, ಪಾಲಿಕೆ ಕಚೇರಿಗೆ ಹೋಗಿ ದಾಖಲೆ ತೋರಿಸಬೇಕು, ಕಂದಾಯ ಅಧಿಕಾರಿ ಒಪ್ಪಬೇಕು. ಕೊನೆಗೆ ಇ-ಖಾತಾ ಬಂದಾಗ ಅಳತೆ ಮತ್ತು ಚೆಕ್ಕುಬಂದಿಯನ್ನು (ನಾಲ್ಕೂ ದಿಕ್ಕಿಗೆ ಏನಿದೆ ಅನ್ನುವ ವಿವರ) ಕ್ರಯಪತ್ರದ ಪಕ್ಕ ಇಟ್ಟು ಒಂದೊಂದೇ ಸಾಲು ತಾಳೆ ನೋಡಿ. ಪೂರ್ವಕ್ಕೆ ರಸ್ತೆ ಅಂತ ಒಂದರಲ್ಲಿ, ಪಶ್ಚಿಮಕ್ಕೆ ರಸ್ತೆ ಅಂತ ಇನ್ನೊಂದರಲ್ಲಿ ಇದ್ದರೆ ಬ್ಯಾಂಕಿನ ವಕೀಲರು ಅಲ್ಲೇ ಹಿಡಿಯುತ್ತಾರೆ. ಅವರು ಹಿಡಿಯುವ ಮೊದಲು ನೀವು ಹಿಡಿದರೆ ವಾರಗಳು ಉಳಿಯುತ್ತವೆ.

ಎರಡು ಕಡೆ ಎಚ್ಚರ ಬೇಕು. ಒಂದು, ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದ್ದರೆ. ಆಗ ವಾರಸುದಾರರ ಹೆಸರಿಗೆ ಖಾತೆ ಬದಲಾಗಿ ಆಮೇಲೆ ನಿಮ್ಮ ಸರದಿ. ಇನ್ನೊಂದು, ಅಪಾರ್ಟ್‌ಮೆಂಟಿನಲ್ಲಿ ಬಿಲ್ಡರ್ ಫ್ಲ್ಯಾಟ್‌ವಾರು ಖಾತೆ ಬೇರೆ ಮಾಡಿಸದೇ ಇದ್ದರೆ. ಇವೆರಡರಲ್ಲಿ ಯಾವುದಿದ್ದರೂ ‘ಒಂದೂವರೆ ತಿಂಗಳು’ ಅನ್ನುವ ಮಾತನ್ನು ನಂಬಬೇಡಿ. ಹಾಗೇ, ಖಾತೆ ಎ ನಾ (ಎಲ್ಲ ಕ್ರಮಬದ್ಧವಾಗಿರುವ ಆಸ್ತಿಯದು) ಬಿ ನಾ (ಅನುಮತಿಗಳಲ್ಲಿ ಕೊರತೆ ಇರುವ ಆಸ್ತಿಯದು) ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಬೇಕು. ಬಿ ಖಾತಾ ಮೇಲೆ ಬಹುತೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲ.

ಮಾರುವವರ ಸಾಲ ಇನ್ನೂ ಇದ್ದರೆ

ಹಳೇ ಫ್ಲ್ಯಾಟ್ ಮಾರುವ ಎಷ್ಟೋ ಜನರ ಮೂಲ ಪತ್ರಗಳು ಬ್ಯಾಂಕಿನಲ್ಲಿರುತ್ತವೆ. ಕ್ರಮ ಹೀಗೆ. ಅವರ ಬ್ಯಾಂಕ್ ಎಷ್ಟು ಬಾಕಿ ಅಂತ ಫೋರ್‌ಕ್ಲೋಷರ್ ಲೆಟರ್ ಕೊಡುತ್ತದೆ, ತನ್ನ ಹತ್ತಿರ ಇರುವ ಪತ್ರಗಳ ಪಟ್ಟಿಯನ್ನೂ ಕೊಡುತ್ತದೆ. ಅದನ್ನು ನೋಡಿ ನಿಮ್ಮ ಬ್ಯಾಂಕ್ ಬಾಕಿ ಹಣವನ್ನು ನೇರವಾಗಿ ಅಲ್ಲಿಗೆ ಕಟ್ಟುತ್ತದೆ. ಪತ್ರಗಳು ಹೊರಗೆ ಬರುತ್ತವೆ. ಲೆಟರಿಗೆ ಅವಧಿ ಇರುತ್ತದೆ, ದಾಟಿದರೆ ಬಡ್ಡಿ ಸೇರಿ ಮೊತ್ತ ಬದಲಾಗುತ್ತದೆ. ಹಾಗಾಗಿ ನಿಮ್ಮ ಸಾಲ ತಯಾರಾಗುವ ಹೊತ್ತಿಗೆ ಸರಿಯಾಗಿ ಅದನ್ನು ತರಿಸಿ, ಮೊದಲೇ ತರಿಸಿಟ್ಟುಕೊಂಡು ಪ್ರಯೋಜನ ಇಲ್ಲ.

‘ಸಾಲ ತೀರಿಸಿದೆ, ಪತ್ರ ಮಾತ್ರ ಬ್ಯಾಂಕಿನವರು ಕೊಡ್ತಿಲ್ಲ’ ಅಂತ ಮಾರುವವರು ಕೈಚೆಲ್ಲಿದರೆ ಅವರಿಗೆ ಇದನ್ನು ಹೇಳಿ: 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಪೂರ್ತಿ ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ತಾವೇ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮವನ್ನು ಹೆಸರಿಸಿ ಒಂದು ಇಮೇಲ್ ಹಾಕಿಸಿ. ಕೌಂಟರಿನಲ್ಲಿ ಮಾಡುವ ಜಗಳಕ್ಕಿಂತ ಅದರಿಂದ ಬೇಗ ಕೆಲಸವಾಗುತ್ತದೆ.

ಪತ್ರ ವಾಪಸ್ ಬಂದರಷ್ಟೇ ಸಾಲದು. ಹಳೇ ಅಡಮಾನ ಇಸಿಯಲ್ಲಿ ಇನ್ನೂ ಕಾಣುತ್ತಿದ್ದರೆ ಅದರ ಬಿಡುಗಡೆಯೂ ನೋಂದಣಿಯಾಗಬೇಕು. ಹೊಸದಾಗಿ ಇಸಿ ತೆಗೆಸಿ ನೋಡಿ. ವ್ಯವಹಾರಗಳಿದ್ದರೆ ಫಾರಂ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ಫಾರಂ 16. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು.

ನಿಮ್ಮ ಬ್ಯಾಂಕಿನ ಕಡೆ

ಸ್ಯಾಂಕ್ಷನ್ ಲೆಟರ್ ಬಂದಕೂಡಲೇ ಸಾಲ ಸಿಕ್ಕಿತು ಅಂದುಕೊಳ್ಳುವವರು ಬಹಳ. ಅದು ನಿಮ್ಮ ಸಂಬಳ ನೋಡಿ ಕೊಟ್ಟದ್ದು. ಮನೆಯ ಕಾಗದ ನೋಡಿ ವಕೀಲರು ಅಭಿಪ್ರಾಯ ಕೊಡಬೇಕು, ಎಂಜಿನಿಯರ್ ಬೆಲೆ ಕಟ್ಟಬೇಕು, ಆಮೇಲೆ ಹಣ. ಬ್ಯಾಂಕಿನ ವಕೀಲರು ಕೇಳುವ ಕಾಗದಗಳನ್ನು ಒಂದೇ ಸಲ ಪಟ್ಟಿ ಮಾಡಿ ಕೊಡಲು ಹೇಳಿ. ದಿನಕ್ಕೊಂದು ಕೇಳುವ ಅಭ್ಯಾಸ ಅವರದು.

ಕೈಯಿಂದ ಎಷ್ಟು ಬೇಕು ಅನ್ನುವ ಲೆಕ್ಕವನ್ನು ಈಗಲೇ ಹಾಕಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ 80 ಪರ್ಸೆಂಟ್‌ಗಿಂತ ಹೆಚ್ಚು ಕೊಡುವಂತಿಲ್ಲ. 80 ಲಕ್ಷದ ಫ್ಲ್ಯಾಟ್‌ಗೆ ಹೆಚ್ಚೆಂದರೆ 64 ಲಕ್ಷ. ಉಳಿದ 16 ಲಕ್ಷ ನಿಮ್ಮದು. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ 5.6 ಆಗುತ್ತದೆ. ನೋಂದಣಿ ಶುಲ್ಕ 2. ಅಲ್ಲಿಗೆ 6 ಲಕ್ಷ 8 ಸಾವಿರ. ಇದೂ ಕೈಯಿಂದಲೇ. ಕೊನೇ ವಾರದಲ್ಲಿ ಈ ಆರು ಲಕ್ಷಕ್ಕೆ ಚಿನ್ನ ಅಡವಿಡಲು ಓಡುವವರನ್ನು ನೋಡಿದ್ದೇನೆ.

ಕಾಯುವ ಕಾಲದಲ್ಲಿ ಹೊಸ ಕಾರಿನ ಸಾಲ, ಕ್ರೆಡಿಟ್ ಕಾರ್ಡ್ ಇಎಂಐ ಮಾಡಿಕೊಳ್ಳಬೇಡಿ. ಸ್ಯಾಂಕ್ಷನ್ ಅವಧಿ ಮುಗಿದು ಮತ್ತೆ ನೋಡುವಾಗ ಸಾಲದ ಮೊತ್ತ ಇಳಿಯಬಹುದು. ಕೆಲಸ ಬದಲಾಯಿಸುವ ಯೋಚನೆ ಇದ್ದರೂ ರಿಜಿಸ್ಟ್ರೇಷನ್ ಆಗುವ ತನಕ ತಡೆದುಕೊಳ್ಳಿ.

ಡಿಡಿ ವಿಷಯ ಒಂದು. ರಿಜಿಸ್ಟ್ರೇಷನ್ ಸೋಮವಾರ ಅಂತ ಬ್ಯಾಂಕ್ ಶುಕ್ರವಾರವೇ ಡಿಡಿ ತೆಗೆದಿಟ್ಟಿರುತ್ತದೆ. ಸೋಮವಾರ ಮಾರುವವರು ಬರಲಿಲ್ಲ, ಎರಡು ವಾರ ಮುಂದೆ ಹೋಯಿತು. ಬಡ್ಡಿ ಮಾತ್ರ ಶುಕ್ರವಾರದಿಂದ ಓಡುತ್ತಿರುತ್ತದೆ. ಹಣ ಗ್ರಾಹಕರ ಕೈಸೇರುವ ಮೊದಲೇ ಬಡ್ಡಿ ಹಾಕುವುದು ಸರಿಯಲ್ಲ ಅಂತ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಮೊದಲ ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿ, ಹಾಗೆ ಹಾಕಿದ್ದರೆ ಬರೆದು ವಾಪಸ್ ಕೇಳಿ.

ಸಹಿ ಹಾಕಬೇಕಾದವರು ಯಾರು ಯಾರು?

ಪಿತ್ರಾರ್ಜಿತ ಮನೆಯಾದರೆ ‘ತಂಗಿ ಮದುವೆಯಾಗಿ ಹೋಗಿದ್ದಾಳೆ, ಅವಳದ್ದೇನೂ ತಕರಾರಿಲ್ಲ’ ಅನ್ನುವ ಮಾತು ಬಂದೇ ಬರುತ್ತದೆ. ಮದುವೆಯಾದರೂ ಮಗಳಿಗೆ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದರಲ್ಲಿ ಅನುಮಾನ ಇಟ್ಟುಕೊಳ್ಳುವ ಅಗತ್ಯ ಇಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರುವ ಎಲ್ಲರೂ ಸಹಿಗೆ ಬರುತ್ತಾರಾ ಅಂತ ಕೇಳಿ. ಶಿವಮೊಗ್ಗದಲ್ಲಿರುವ ತಂಗಿ ‘ಅಣ್ಣ ನನಗೆ ಹೇಳೇ ಇಲ್ಲ’ ಅಂತ ರಿಜಿಸ್ಟ್ರೇಷನ್ ಹಿಂದಿನ ದಿನ ಮುನಿಸಿಕೊಂಡರೆ ನಿಮ್ಮ ವಕೀಲರಿಂದಲೂ ಏನೂ ಮಾಡಲಾಗುವುದಿಲ್ಲ. ಅದು ಅವರ ಮನೆಯೊಳಗಿನ ಮಾತು. ನಿಮ್ಮ ಕೈಲಿರುವುದು ಇಷ್ಟೇ: ಎಲ್ಲರ ಸಹಿಯನ್ನೂ ಅಗ್ರಿಮೆಂಟಿನ ಹಂತದಲ್ಲೇ ಹಾಕಿಸುವುದು.

ಮಾರುವವರು ವಿದೇಶದಲ್ಲಿದ್ದರೆ ಪವರ್ ಆಫ್ ಅಟಾರ್ನಿ ಅಲ್ಲಿನ ಭಾರತೀಯ ದೂತಾವಾಸದಲ್ಲೋ ನೋಟರಿ ಮುಂದೆಯೋ ಆಗಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಆಗಬೇಕು. ಎನ್‌ಆರ್‌ಐ ಆದರೆ ನೀವು ಹಿಡಿಯಬೇಕಾದ ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ 1 ಪರ್ಸೆಂಟ್ ಅಲ್ಲ, ಬಹಳ ಹೆಚ್ಚು. ಅದನ್ನು ಕಡಿಮೆ ಮಾಡಿಸಿಕೊಳ್ಳಲು ಅವರು ತೆರಿಗೆ ಇಲಾಖೆಯಿಂದ ಸರ್ಟಿಫಿಕೇಟ್ ತರಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ. ಇಂಥ ವ್ಯವಹಾರದಲ್ಲಿ ಮೊದಲ ದಿನವೇ ಒಬ್ಬ ಆಡಿಟರ್ ಇರಲಿ.

ಇಲ್ಲಿರುವವರೇ ಆದರೂ ಮನೆ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ 1 ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟಬೇಕು. ಮಾರುವವರ ಪ್ಯಾನ್ ಚಾಲ್ತಿಯಲ್ಲಿದೆಯಾ ಅಂತ ಮೊದಲೇ ನೋಡಿ. ಆಧಾರ್ ಜೋಡಿಸದೆ ನಿಷ್ಕ್ರಿಯವಾಗಿದ್ದರೆ ದರ 20 ಪರ್ಸೆಂಟ್ ಆಗುತ್ತದೆ, ನೋಟಿಸ್ ಬರುವುದು ನಿಮಗೆ.

ಕಾವೇರಿ, ಸ್ಲಾಟ್, ಆಷಾಢ

ಕಾಗದ ಎಲ್ಲ ಸರಿಯಾದ ಮೇಲೆ ಕರಡು ಕ್ರಯಪತ್ರವನ್ನು ಕಾವೇರಿ 2.0ದಲ್ಲಿ ಹಾಕಬೇಕು. ಸಬ್ ರಿಜಿಸ್ಟ್ರಾರ್ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸ್ಲಾಟ್ ಹಿಡಿಯುವುದು. ಪತ್ರ ಬರಹಗಾರರು ಇದೆಲ್ಲ ಮಾಡಿಕೊಡುತ್ತಾರೆ, ಆದರೆ ಹಾಕುವ ಮುಂಚೆ ಕರಡನ್ನು ನೀವೇ ಓದಿ. ಅಕ್ಷರ ತಪ್ಪಿದ್ದರೆ ಆಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕು, ಮತ್ತೆ ಎಲ್ಲರೂ ಬರಬೇಕು.

ಸರ್ವರ್ ಕೈಕೊಡುವುದು ಇದ್ದದ್ದೇ. 2025ರ ಆರಂಭದಲ್ಲಿ ಕಾವೇರಿ ಮೇಲೆ ಸೈಬರ್ ದಾಳಿಯಾಗಿ ರಾಜ್ಯದಲ್ಲೆಲ್ಲ ನೋಂದಣಿಗೆ ತೊಂದರೆಯಾಗಿತ್ತು. ಅದಕ್ಕೇ ಬ್ಯಾಂಕ್ ಸ್ಯಾಂಕ್ಷನ್ ಮುಗಿಯುವ ದಿನವೇ ಸ್ಲಾಟ್ ಇಟ್ಟುಕೊಳ್ಳಬೇಡಿ, ಒಂದೆರಡು ವಾರ ಕೈಯಲ್ಲಿರಲಿ.

ಇನ್ನು ಆಷಾಢ. ಪಿತೃಪಕ್ಷ. ರಾಹುಕಾಲ. ನೀವು ನಂಬದಿದ್ದರೂ ಮಾರುವವರ ತಾಯಿ ನಂಬುತ್ತಾರೆ. ಅಗ್ರಿಮೆಂಟ್ ದಿನವೇ ಪಂಚಾಂಗ ತೆಗೆದು ಯಾವ ತಿಂಗಳು ಬೇಡ ಅಂತ ಕೇಳಿಬಿಡಿ. ಆಷಾಢದಲ್ಲಿ ಅರ್ಜಿ ಹಾಕುವುದಕ್ಕೆ, ವಕೀಲರಿಗೆ ಕಾಗದ ಕೊಡುವುದಕ್ಕೆ ಯಾರದೂ ಅಡ್ಡಿ ಇರುವುದಿಲ್ಲ. ಆ ತಿಂಗಳನ್ನು ಅದಕ್ಕೆ ಬಳಸಿ. ಶ್ರಾವಣ ಬಂದಕೂಡಲೇ ಎಲ್ಲರೂ ಒಟ್ಟಿಗೆ ಬರುತ್ತಾರೆ, ಸ್ಲಾಟ್ ಮೊದಲೇ ಹಿಡಿಯಬೇಕು.

ಈ ನಡುವೆ ಮನೆಯ ಕಡೆ

ಸ್ಲಾಟ್ ಕೈಗೆ ಬರುವ ತನಕ ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ. ಕೊಟ್ಟಾಗಿದ್ದರೆ ಓನರ್ ಹತ್ತಿರ ಇರುವ ವಿಷಯ ಹೇಳಿ ತಿಂಗಳ ಲೆಕ್ಕದಲ್ಲಿ ಮುಂದುವರಿಸಲು ಕೇಳಿ. ಗೃಹಪ್ರವೇಶದ ಕಾರ್ಡ್, ಛತ್ರ, ಅಡುಗೆಯವರ ಅಡ್ವಾನ್ಸ್ ಯಾವುದೂ ಕ್ರಯಪತ್ರಕ್ಕಿಂತ ಮೊದಲು ಬೇಡ. ಹೊಸ ಮನೆಯ ಹತ್ತಿರದ ಶಾಲೆಗೆ ಮಕ್ಕಳನ್ನು ಸೇರಿಸುವುದು ಮಾತ್ರ ಕಾಯುವುದಿಲ್ಲ. ಅದನ್ನು ಬೇರೆಯೇ ತೀರ್ಮಾನ ಅಂತ ಇಟ್ಟುಕೊಳ್ಳಿ, ಒಂದೆರಡು ತಿಂಗಳು ದೂರದಿಂದ ಓಡಾಡಲು ಆಗುತ್ತಾ ನೋಡಿ.

ಮುಖ್ಯವಾಗಿ, ಕಾಗದ ಮುಂದೆ ಹೋಗದೆ ಹಣ ಮುಂದೆ ಹೋಗಬಾರದು. ‘ಇನ್ನೊಂದು ಐದು ಲಕ್ಷ ಕೊಟ್ಟರೆ ಬ್ಯಾಂಕ್ ಸಾಲ ತೀರಿಸಿ ಪತ್ರ ಬಿಡಿಸ್ತೀನಿ’ ಅಂದರೆ ಅವರ ಸಾಲದ ಖಾತೆಗೇ ನೇರವಾಗಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ನಗದು ಬೇಡವೇ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಅಡ್ವಾನ್ಸ್ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ. ನಿಮ್ಮ ಹತ್ತಿರವಂತೂ ಕೊಟ್ಟದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ಕದಲುತ್ತಲೇ ಇಲ್ಲ ಅಂದರೆ

ರೇಟು ಏರಿದಾಗ ಮಾರುವವರ ಮಾತು ಬದಲಾಗುತ್ತದೆ. ‘ಬೇರೆಯವರು ಹತ್ತು ಲಕ್ಷ ಜಾಸ್ತಿ ಕೊಡ್ತೀವಿ ಅಂತಿದ್ದಾರೆ’ ಅನ್ನುವುದು ಅದರ ಮೊದಲ ಲಕ್ಷಣ. ಆಗ ಜಗಳ ಬೇಡ. ವಕೀಲರ ಮೂಲಕ ನೋಟಿಸ್ ಕಳಿಸಿ: ನಮ್ಮ ಹಣ ಸಿದ್ಧವಿದೆ, ನೀವು ಇಂಥ ಕಾಗದ ಕೊಟ್ಟು ಇಂಥ ದಿನ ನೋಂದಣಿಗೆ ಬನ್ನಿ ಅಂತ. ಅಗ್ರಿಮೆಂಟ್ ಪ್ರಕಾರ ಮನೆ ಬರೆದುಕೊಡಿ ಅಂತ ಕೋರ್ಟಿಗೆ ಹೋದರೆ, ನೀವು ಮೊದಲಿನಿಂದಲೂ ಕೊಳ್ಳಲು ಸಿದ್ಧರಿದ್ದಿರಿ ಅನ್ನುವುದನ್ನು ನೀವೇ ತೋರಿಸಬೇಕು. ಸ್ಯಾಂಕ್ಷನ್ ಲೆಟರ್, ಬ್ಯಾಂಕ್ ಬ್ಯಾಲೆನ್ಸ್, ವಾಟ್ಸಾಪ್ ಮೆಸೇಜು ಎಲ್ಲ ಅಲ್ಲಿ ಕೆಲಸಕ್ಕೆ ಬರುತ್ತವೆ. ದಾವೆ ಹೂಡಲು ಮೂರು ವರ್ಷ ಇದೆ. ನೋಂದಣಿಗೆ ಅಂತ ದಿನ ಗೊತ್ತು ಮಾಡಿದ್ದರೆ ಆ ದಿನದಿಂದ ಲೆಕ್ಕ, ಇಲ್ಲದಿದ್ದರೆ ಅವರು ಆಗುವುದಿಲ್ಲ ಅಂದದ್ದು ನಿಮಗೆ ತಿಳಿದ ದಿನದಿಂದ.

ನನ್ನ ಅಭಿಪ್ರಾಯ ಕೇಳಿದರೆ, ಕಾಗದದ ತೊಡಕಿಗೆ ಕಾಯಬಹುದು, ಮನಸ್ಸು ಬದಲಾದವರಿಗೆ ಕಾಯಬಾರದು. ಅಡ್ವಾನ್ಸ್ ಬಡ್ಡಿ ಸಮೇತ ವಾಪಸ್ ಸಿಗುವಂತಿದ್ದರೆ ತಗೊಂಡು ಬೇರೆ ಮನೆ ನೋಡಿ. ಕೋರ್ಟಿನಲ್ಲಿ ಗೆಲ್ಲುವ ಹೊತ್ತಿಗೆ ಮಕ್ಕಳು ಕಾಲೇಜು ಮುಗಿಸಿರುತ್ತಾರೆ.

ಬಿಲ್ಡರ್ ತಡ ಮಾಡಿದರೆ ರೇರಾ (ಬಿಲ್ಡರ್‌ಗಳ ಮೇಲೆ ನಿಗಾ ಇಡುವ ರಿಯಲ್ ಎಸ್ಟೇಟ್ ಪ್ರಾಧಿಕಾರ) ಇದೆ. ಅಗ್ರಿಮೆಂಟ್ ನೋಂದಾಯಿಸದೆ 10 ಪರ್ಸೆಂಟ್‌ಗಿಂತ ಜಾಸ್ತಿ ಹಣ ತಗೊಳ್ಳುವಂತಿಲ್ಲ. ಹೇಳಿದ ದಿನಕ್ಕೆ ಕೊಡದಿದ್ದರೆ ನೀವು ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು, ಇಲ್ಲವೇ ಮನೆಗೇ ಕಾಯುತ್ತಾ ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಕೇಳಬಹುದು. ಕರ್ನಾಟಕದಲ್ಲಿ ಆ ಬಡ್ಡಿ ಎಸ್‌ಬಿಐ ಎಂಸಿಎಲ್‌ಆರ್ (ಆ ಬ್ಯಾಂಕ್ ಸಾಲಕ್ಕೆ ಇಟ್ಟುಕೊಂಡ ಮೂಲ ಬಡ್ಡಿ ದರ) ಮೇಲೆ 2 ಪರ್ಸೆಂಟ್. ದೂರು ಆನ್‌ಲೈನ್‌ನಲ್ಲೇ ಹಾಕಬಹುದು. ಆದೇಶ ಬಂದರೂ ಬಿಲ್ಡರ್ ಕೊಡದಿದ್ದರೆ ವಸೂಲಿ ಜಿಲ್ಲಾಧಿಕಾರಿ ಕಚೇರಿ ಮೂಲಕ ಆಗಬೇಕು, ಅಲ್ಲಿ ಮತ್ತೊಂದು ಸುತ್ತಿನ ಕಾಯುವಿಕೆ ಇದೆ ಅನ್ನುವುದೂ ಗೊತ್ತಿರಲಿ. ಒಬ್ಬರಿಂದ ಹಳೇ ಮನೆ ಕೊಂಡವರಿಗೆ ರೇರಾ ಅನ್ವಯಿಸುವುದಿಲ್ಲ.

ರಿಜಿಸ್ಟ್ರೇಷನ್ ದಿನ

ಎಲ್ಲರ ಮೂಲ ಆಧಾರ್, ಪ್ಯಾನ್, ಇಬ್ಬರು ಸಾಕ್ಷಿಗಳು, ಡಿಡಿಯ ಜೆರಾಕ್ಸ್. ವಯಸ್ಸಾದವರಿದ್ದರೆ ಬೆಳಗಿನ ಸ್ಲಾಟ್ ತೆಗೆದುಕೊಳ್ಳಿ. ಬೆರಳ ಗುರುತು ಸವೆದು ಯಂತ್ರ ಹಿಡಿಯದೆ ಮತ್ತೆ ಮತ್ತೆ ಒತ್ತಿಸುವುದು ಸಾಮಾನ್ಯ, ಸಂಜೆಯಾದರೆ ಅವರಿಗೂ ಸುಸ್ತು, ಸಿಬ್ಬಂದಿಗೂ ಅವಸರ. ಡಿಡಿ ಕೈಗೆ ಕೊಡುವಾಗಲೇ ಮೂಲ ಪತ್ರಗಳು, ಕೀ, ಸೊಸೈಟಿಯ ಬಾಕಿ ಇಲ್ಲ ಅನ್ನುವ ಪತ್ರ ಎಲ್ಲ ಪಡೆದುಕೊಳ್ಳಿ. ‘ಕೀ ನಾಳೆ ಕೊಡ್ತೀನಿ’ ಅಂದರೆ ಡಿಡಿಯೂ ನಾಳೆ.

ಅದೇ ದಿನ ಮನೆಗೆ ಹೋಗಿ ಕರೆಂಟ್ ಮತ್ತು ನೀರಿನ ಮೀಟರಿನ ರೀಡಿಂಗ್ ಫೋಟೋ ತೆಗೆದು ಮಾರುವವರಿಗೆ ಕಳಿಸಿ, ಅಲ್ಲಿಯತನಕದ ಬಿಲ್ ಅವರದು. ವಾರದೊಳಗೆ ಇ-ಖಾತಾ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಹೋಗಲಿ, ಬೆಸ್ಕಾಂ ಮತ್ತು ಜಲಮಂಡಳಿಯ ಹೆಸರು ಬದಲಾವಣೆ ಅದರ ಹಿಂದೆ.